ತೀರ್ಪಿನ ನಂತರದ ಮೌನಕ್ಕೂ ಒಂದು ಗಡುವು ಬೇಕು

(ಕಾನೂನು ಅರಿವು ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ನ್ಯಾಯಾಲಯದ ಕುರಿತು ನಮ್ಮ ಸಭೆಗಳಲ್ಲಿ ಮಾತು ಬಂದಾಗಲೆಲ್ಲ ನಾವು ಬಂಧನದ ದಿನದಿಂದ ತೀರ್ಪಿನ ದಿನದವರೆಗಿನ ಕಥೆಯನ್ನು ಮಾತ್ರ ಹೇಳುತ್ತೇವೆ. ಯಾರನ್ನು ಬಂಧಿಸಿದರು, ಆರೋಪಪಟ್ಟಿ ಯಾವಾಗ ಸಲ್ಲಿಕೆಯಾಯಿತು, ಎಷ್ಟು ಸಾಕ್ಷಿಗಳು ಬಂದರು, ಕೊನೆಗೆ ತೀರ್ಪೇನಾಯಿತು ಎಂಬಲ್ಲಿಗೆ ನಮ್ಮ ಕುತೂಹಲ ಮುಗಿಯುತ್ತದೆ. ತೀರ್ಪಿನ ಮರುದಿನ ಪತ್ರಿಕೆಗಳು ಸುದ್ದಿ ಬರೆಯುತ್ತವೆ, ನಾವು ಚರ್ಚಿಸುತ್ತೇವೆ, ಬಳಿಕ ಆ ಪುಸ್ತಕವನ್ನು ಮುಚ್ಚಿಡುತ್ತೇವೆ. ಆದರೆ ಶಿಕ್ಷೆಗೊಳಗಾದ ವ್ಯಕ್ತಿಗೆ ಮತ್ತು ಅವನ ಮನೆಯವರಿಗೆ ಅಂದೇ ಎರಡನೆಯ ಪುಸ್ತಕವೊಂದು ತೆರೆದುಕೊಳ್ಳುತ್ತದೆ. ಮೇಲ್ಮನವಿ, ಶಿಕ್ಷೆಯನ್ನು ಅಮಾನತಿನಲ್ಲಿಡಲು ಕೋರುವ ಅರ್ಜಿ, ಜಾಮೀನು ಅರ್ಜಿ, ಪುನರ್ವಿಮರ್ಶೆಯ ಅರ್ಜಿ, ಇವೆಲ್ಲ ಆ ಎರಡನೆಯ ಪುಸ್ತಕದ ಪುಟಗಳು. ಅಲ್ಲಿ ಕ್ಯಾಮರಾಗಳಿಲ್ಲ, ವರದಿಗಾರರಿಲ್ಲ, ಬೆಂಬಲಕ್ಕೆ ನಿಲ್ಲುವ ಜನರೂ ಇಲ್ಲ.

ಇಂದು ನಾವು ಮಾತಾಡಬೇಕೆಂದಿರುವುದು ಈ ಎರಡನೆಯ ಪುಸ್ತಕದ ಕುರಿತು. ಅದರಲ್ಲೂ ಒಂದೇ ಪ್ರಶ್ನೆಯ ಕುರಿತು. ತೀರ್ಪಿನ ನಂತರ ಒಬ್ಬ ಮನುಷ್ಯ ನ್ಯಾಯಾಲಯದ ಮುಂದೆ ಅರ್ಜಿ ಸಲ್ಲಿಸಿದರೆ, ಎಷ್ಟು ದಿನಗಳೊಳಗೆ ನ್ಯಾಯಾಲಯ ಆಗುವುದು ಅಥವಾ ಆಗದು ಎಂಬ ಉತ್ತರ ಕೊಡಬೇಕು? ಅಷ್ಟು ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದೇನು?

ಇದು ವಕೀಲರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ದಯವಿಟ್ಟು ಭಾವಿಸಬೇಡಿ. ಚೆಕ್ ಬೌನ್ಸ್ ಪ್ರಕರಣ, ರಸ್ತೆ ಅಪಘಾತ, ನೆರೆಮನೆಯವರೊಂದಿಗಿನ ಹೊಡೆದಾಟ, ಸಂಸಾರದ ವ್ಯಾಜ್ಯ, ಹೀಗೆ ಯಾವುದಾದರೊಂದು ಕಾರಣಕ್ಕೆ ಕೋರ್ಟಿನ ಮೆಟ್ಟಿಲು ಹತ್ತದ ಕುಟುಂಬ ಇಂದು ಪಟ್ಟಣಗಳಲ್ಲಿ ವಿರಳ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಅಂಕಿಅಂಶದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಸುಮಾರು 5 ಲಕ್ಷ 73 ಸಾವಿರ ಜನರಿದ್ದರು. ಅವರಲ್ಲಿ ಮುಕ್ಕಾಲು ಭಾಗ ವಿಚಾರಣಾಧೀನ ಕೈದಿಗಳು. ಅವರ ಪರವಾಗಿ ನಾವು ಧ್ವನಿಯೆತ್ತಿದ್ದೇವೆ, ಎತ್ತಲೇಬೇಕು. ಆದರೆ ಉಳಿದ ಸುಮಾರು 1 ಲಕ್ಷ 33 ಸಾವಿರ ಮಂದಿ ಶಿಕ್ಷೆಗೊಳಗಾದವರು. ಇವರ ಕುರಿತು ಯಾರೂ ಮಾತಾಡುವುದಿಲ್ಲ. "ಕೋರ್ಟೇ ಶಿಕ್ಷೆ ಕೊಟ್ಟಿದೆಯಲ್ಲ, ಇನ್ನೇನು?" ಎಂದು ನಮ್ಮವರೇ ಕೇಳುತ್ತಾರೆ. ಕೆಳ ನ್ಯಾಯಾಲಯದ ತೀರ್ಪು ಕೊನೆಯ ಮಾತಲ್ಲವೆಂದೇ ಕಾನೂನು ಮೇಲ್ಮನವಿಯನ್ನು ಹಕ್ಕಾಗಿ ಕೊಟ್ಟಿದೆ. ಆ ಮೇಲ್ಮನವಿ ಇತ್ಯರ್ಥವಾಗುವ ತನಕ ಅವನು ಅಪರಾಧಿಯೇ ಅಲ್ಲವೇ ಎಂಬುದು ಅಂತಿಮವಾಗಿ ನಿಶ್ಚಯವಾಗಿರುವುದಿಲ್ಲ. ಆದರೆ ಅವನ ವಯಸ್ಸು ಜೈಲಿನೊಳಗೆ ಕರಗುತ್ತಲೇ ಇರುತ್ತದೆ.

ಗಡುವು ಯಾರಿಗೆ?

ನಮ್ಮ ಕಾನೂನಿನಲ್ಲಿ ಗಡುವುಗಳಿಗೇನೂ ಕೊರತೆಯಿಲ್ಲ. ಶಿಕ್ಷೆಗೊಳಗಾದವನು ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ, ಹೈಕೋರ್ಟಿಗೆ ಸಲ್ಲಿಸಲು 60 ದಿನ. ಮರಣದಂಡನೆಯಾಗಿದ್ದರೆ ಹೈಕೋರ್ಟಿಗೆ ಹೋಗಲು 30 ದಿನ ಮಾತ್ರ. ಒಂದು ದಿನ ತಪ್ಪಿದರೂ ವಿಳಂಬವನ್ನು ಮನ್ನಿಸಬೇಕೆಂದು ಪ್ರತ್ಯೇಕ ಅರ್ಜಿ ಸಲ್ಲಿಸಿ ಕಾರಣ ವಿವರಿಸಬೇಕು. ಜೀವನಾಂಶದ ಆದೇಶ ಪಡೆದ ಮಹಿಳೆಯ ಪರಿಸ್ಥಿತಿಯೂ ಇದೇ. ಗಂಡ ಹಣ ಕೊಡದಿದ್ದರೆ, ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅವಳು ವಸೂಲಿಗೆ ಅರ್ಜಿ ಹಾಕಬೇಕು. ವರ್ಷ ಕಳೆದರೆ ಆ ಬಾಕಿಗಾಗಿ ವಾರಂಟ್ ಹೊರಡಿಸಲಾಗದು.

ಈ ಗಡುವುಗಳನ್ನು ನಾವು ಆಕ್ಷೇಪಿಸುತ್ತಿಲ್ಲ. ವ್ಯಾಜ್ಯಗಳಿಗೆ ಒಂದು ಕೊನೆ ಇರಬೇಕು, ಒಪ್ಪೋಣ. ಆದರೆ ಕಕ್ಷಿಗಾರನ ಮೇಲೆ ಇಷ್ಟೊಂದು ಗಡುವು ಹೇರುವ ಕಾನೂನು, ಉತ್ತರ ಕೊಡಬೇಕಾದವರ ಮೇಲೆ ಏನು ಹೇರಿದೆ?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ವಾದ ಮುಗಿದ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯ ತೀರ್ಪು ನೀಡಬೇಕು, ಕಾರಣ ದಾಖಲಿಸಿ ಅದನ್ನು 45 ದಿನಗಳಿಗೆ ವಿಸ್ತರಿಸಬಹುದು ಎಂದಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ 30 ದಿನ, ಅಸಾಧಾರಣ ಸಂದರ್ಭದಲ್ಲಿ 60 ದಿನ ಎಂಬ ನಿಯಮವಿದೆ. ಸಂತೋಷ. ಆದರೆ ನಲವತ್ತಾರನೆಯ ದಿನ ಏನಾಗುತ್ತದೆ? ಅರವತ್ತೊಂದನೆಯ ದಿನ ಏನಾಗುತ್ತದೆ? ಕಾನೂನು ಮೌನ ವಹಿಸುತ್ತದೆ. ಇನ್ನು ಹೈಕೋರ್ಟಿನಲ್ಲಿ ಮೇಲ್ಮನವಿಯ ವಾದ ಮುಗಿದ ಮೇಲೆ ತೀರ್ಪಿಗೆ ಎಷ್ಟು ದಿನ, ಶಿಕ್ಷೆಯ ಅಮಾನತು ಕೋರಿದ ಅರ್ಜಿಗೆ ಎಷ್ಟು ದಿನ ಎಂದು ಹುಡುಕಿದರೆ, ಸಂಹಿತೆಯಲ್ಲಿ ಒಂದು ಅಂಕಿಯೂ ಸಿಗುವುದಿಲ್ಲ.

ನ್ಯಾಯಾಲಯಗಳಿಗೆ ಈ ಕೊರತೆ ತಿಳಿಯದೆ ಇಲ್ಲ. 1977ರಲ್ಲೇ ಕಶ್ಮೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್, ಸಕಾಲದಲ್ಲಿ ಮೇಲ್ಮನವಿ ಕೇಳಲು ತನಗೆ ಸಾಧ್ಯವಾಗದಿದ್ದಾಗ ಬಲವಾದ ಕಾರಣವಿಲ್ಲದೆ ಆ ವ್ಯಕ್ತಿಯನ್ನು ಜೈಲಿನಲ್ಲಿ ಉಳಿಸಿಕೊಳ್ಳಬಾರದೆಂದಿತು. 1991ರಲ್ಲಿ ಅಂತುಳೆ ಪ್ರಕರಣದಲ್ಲಿ ಸಂವಿಧಾನ ಪೀಠ, ತ್ವರಿತ ನ್ಯಾಯದ ಹಕ್ಕು ವಿಚಾರಣೆಗೆ ಮಾತ್ರ ಸೀಮಿತವಲ್ಲ, ಮೇಲ್ಮನವಿ ಮತ್ತು ಪುನರ್ವಿಚಾರಣೆಯ ಹಂತಗಳಿಗೂ ಅದು ಅನ್ವಯಿಸುತ್ತದೆ ಎಂದು ಹೇಳಿತು. 2001ರಲ್ಲಿ ಅಖ್ತರಿ ಬೀ ಪ್ರಕರಣದಲ್ಲಿ, ತನ್ನದಲ್ಲದ ತಪ್ಪಿಗೆ ಐದು ವರ್ಷವಾದರೂ ಮೇಲ್ಮನವಿ ಇತ್ಯರ್ಥವಾಗದೆ ಜೈಲಿನಲ್ಲಿರುವವನನ್ನು ಜಾಮೀನಿನ ಮೇಲೆ ಬಿಡಬಹುದೆಂಬ ದಾರಿ ತೋರಿಸಿತು.

ಅದೇ 2001ರ ಅನಿಲ್ ರಾಯ್ ಪ್ರಕರಣವನ್ನು ನಾವು ವಿಶೇಷವಾಗಿ ನೆನಪಿಡಬೇಕು. ಪಟ್ನಾ ಹೈಕೋರ್ಟ್ ವಾದ ಕೇಳಿ ಮುಗಿಸಿದ ಸುಮಾರು ಎರಡು ವರ್ಷಗಳ ಬಳಿಕ ತೀರ್ಪು ಕೊಟ್ಟಿತ್ತು. ವಾದದ ನೆನಪೇ ಮಾಸಿಹೋಗುವಷ್ಟು ಕಾಲ ಅದು. ಸುಪ್ರೀಮ್ ಕೋರ್ಟ್ ಆಗ ಕೆಲವು ಮಾರ್ಗಸೂಚಿಗಳನ್ನು ವಿಧಿಸಿತು. ಕಾಯ್ದಿರಿಸಿದ ತೀರ್ಪು ಎರಡು ತಿಂಗಳಲ್ಲಿ ಬಾರದಿದ್ದರೆ ಮುಖ್ಯ ನ್ಯಾಯಮೂರ್ತಿಗಳು ಆ ಪೀಠದ ಗಮನ ಸೆಳೆಯಬೇಕು. ಮೂರು ತಿಂಗಳಾದರೆ ಬೇಗ ತೀರ್ಪು ನೀಡಬೇಕೆಂದು ಕಕ್ಷಿಗಾರನೇ ಅರ್ಜಿ ಹಾಕಬಹುದು. ಆರು ತಿಂಗಳಾದರೆ ಪ್ರಕರಣವನ್ನು ಬೇರೊಂದು ಪೀಠಕ್ಕೆ ವರ್ಗಾಯಿಸಬೇಕೆಂದು ಮುಖ್ಯ ನ್ಯಾಯಮೂರ್ತಿಗಳನ್ನು ಕೋರಬಹುದು.

ಮಾರ್ಗಸೂಚಿಯೇನೋ ಬಂತು. ಆದರೆ ಇಪ್ಪತ್ತನಾಲ್ಕು ವರ್ಷಗಳ ಬಳಿಕ, 2025ರಲ್ಲಿ, ಜಾರ್ಖಂಡಿನ ನಾಲ್ವರು ಜೀವಾವಧಿ ಕೈದಿಗಳು ಸುಪ್ರೀಮ್ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಅವರ ಮೇಲ್ಮನವಿಗಳ ವಾದ 2022ರಲ್ಲೇ ಮುಗಿದಿತ್ತು, ತೀರ್ಪು ಬಂದಿರಲಿಲ್ಲ. ಸುಪ್ರೀಮ್ ಕೋರ್ಟ್ ಪ್ರಶ್ನಿಸಿದ ಬಳಿಕ ಹೈಕೋರ್ಟಿನ ತೀರ್ಪು ಹೊರಬಿತ್ತು. ಮೂವರು ಖುಲಾಸೆಯಾದರು, ನಾಲ್ಕನೆಯವರ ವಿಷಯದಲ್ಲಿ ನ್ಯಾಯಮೂರ್ತಿಗಳ ನಡುವೆ ಭಿನ್ನಾಭಿಪ್ರಾಯ ಬಂತು. ಸಹೋದರರೇ, ಸ್ವಲ್ಪ ಯೋಚಿಸಿ. ವಾದ ಮುಗಿದಿತ್ತು. ಹೊಸ ಸಾಕ್ಷಿ ಬರಬೇಕಾಗಿರಲಿಲ್ಲ, ಹೊಸ ದಾಖಲೆ ಬೇಕಾಗಿರಲಿಲ್ಲ. ಬರೆದು ಓದಬೇಕಾದ ಒಂದು ತೀರ್ಪಿಗಾಗಿ ಖುಲಾಸೆಯಾಗಬೇಕಾದವರು ಸುಮಾರು ಮೂರು ವರ್ಷ ಕಾದರು. ಆ ಮೂರು ವರ್ಷಗಳನ್ನು ಯಾರು ಮರಳಿ ಕೊಡಬೇಕು? ಅದೇ ವರ್ಷದ ಆಗಸ್ಟಿನಲ್ಲಿ ಸುಪ್ರೀಮ್ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಅನಿಲ್ ರಾಯ್ ಮಾರ್ಗಸೂಚಿಗಳನ್ನು ಮತ್ತೊಮ್ಮೆ ನೆನಪಿಸಿ, ಮೂರು ತಿಂಗಳು ಮೀರಿದ ಪ್ರಕರಣಗಳನ್ನು ರಿಜಿಸ್ಟ್ರಾರ್ ಜನರಲ್ ಅವರೇ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಬೇಕೆಂದು ಆದೇಶಿಸಿತು. ಒಂದು ನಿಯಮವನ್ನು ಮತ್ತೆ ಮತ್ತೆ ನೆನಪಿಸಬೇಕಾಗುತ್ತದೆಂದರೆ ಅದಕ್ಕೆ ಹಲ್ಲಿಲ್ಲ ಎಂದೇ ಅರ್ಥ.

ಮುಂಬೈ ರೈಲು ಸ್ಫೋಟ ಪ್ರಕರಣ ನಿಮಗೆಲ್ಲ ತಿಳಿದದ್ದೇ. 2006ರ ಜುಲೈ 11ರ ಆ ಸ್ಫೋಟಗಳಲ್ಲಿ 180ಕ್ಕೂ ಹೆಚ್ಚು ಅಮಾಯಕರು ಪ್ರಾಣ ಕಳಕೊಂಡರು. 2015ರಲ್ಲಿ ವಿಶೇಷ ನ್ಯಾಯಾಲಯ ಐವರಿಗೆ ಮರಣದಂಡನೆ, ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಬಾಂಬೆ ಹೈಕೋರ್ಟಿನ ವಿಶೇಷ ಪೀಠ ನಿರಂತರ ವಿಚಾರಣೆ ಆರಂಭಿಸಿದ್ದು 2024ರ ಜುಲೈಯಲ್ಲಿ. ವಾದ ಮುಗಿದದ್ದು 2025ರ ಜನವರಿಯಲ್ಲಿ. ಅದೇ ವರ್ಷದ ಜುಲೈ 21ರಂದು ಹೈಕೋರ್ಟ್ ಹನ್ನೆರಡು ಮಂದಿಯನ್ನೂ ಖುಲಾಸೆಗೊಳಿಸಿತು. ಅವರಲ್ಲೊಬ್ಬರು 2021ರಲ್ಲಿ ಜೈಲಿನಲ್ಲೇ ತೀರಿಕೊಂಡಿದ್ದರು. ಮಹಾರಾಷ್ಟ್ರ ಸರಕಾರ ಸುಪ್ರೀಮ್ ಕೋರ್ಟಿಗೆ ಹೋಯಿತು. ಬಿಡುಗಡೆಯಾದವರು ಜೈಲಿಗೆ ಮರಳಬೇಕಾಗಿಲ್ಲ, ಆದರೆ ಈ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸಬಾರದು ಎಂದು ಅದು ಮಧ್ಯಂತರ ಆದೇಶ ನೀಡಿತು.

ಇಲ್ಲಿ ನಾವು ಗಮನಿಸಬೇಕಾದದ್ದು ಒಂದು ಲೆಕ್ಕವನ್ನು. ವಿಚಾರಣೆಗೆ ಕುಳಿತ ಮೇಲೆ ಹೈಕೋರ್ಟಿಗೆ ಬೇಕಾದದ್ದು ಸುಮಾರು ಆರು ತಿಂಗಳು. ತೀರ್ಪಿಗೆ ಇನ್ನೂ ಆರು ತಿಂಗಳು. ಒಟ್ಟು ಒಂದು ವರ್ಷ. ಆದರೆ ಶಿಕ್ಷೆಗೂ ಖುಲಾಸೆಗೂ ನಡುವೆ ಹತ್ತಿರ ಹತ್ತಿರ ಹತ್ತು ವರ್ಷ. ಉಳಿದ ವರ್ಷಗಳು ಸರದಿಗಾಗಿ ಕಾದ ವರ್ಷಗಳು. ಈ ವಿಳಂಬ ಜೈಲಿನೊಳಗಿದ್ದವರಿಗೆ ಮಾತ್ರ ಅನ್ಯಾಯ ಮಾಡಿಲ್ಲ. ತಂದೆಯನ್ನು, ಮಗನನ್ನು ರೈಲಿನಲ್ಲಿ ಕಳಕೊಂಡ ಕುಟುಂಬಗಳಿಗೂ ಮಾಡಿದೆ. ಅಪರಾಧಿ ಯಾರೆಂಬ ಪ್ರಶ್ನೆಗೆ ಹತ್ತೊಂಬತ್ತು ವರ್ಷಗಳ ಬಳಿಕವೂ ಅಂತಿಮ ಉತ್ತರವಿಲ್ಲದೆ ಅವರು ನಿಂತರು. ನ್ಯಾಯವನ್ನು ನಾವು ಎರಡೂ ಮನೆಗಳ ಪರವಾಗಿ ಕೇಳಬೇಕು. ಒಂದು ಮನೆಯ ಪರವಾಗಿ ಮಾತ್ರ ಕೇಳಿದರೆ ಅದು ಪಕ್ಷಪಾತವಾಗುತ್ತದೆ.

ಹಲ್ಲಿರುವ ಗಡುವು

ಗಡುವು ಮೀರಿದರೆ ಫಲಿತಾಂಶವಿರಬೇಕೆಂಬ ತತ್ವ ನಮ್ಮ ಕಾನೂನಿಗೆ ಅಪರಿಚಿತವೇನಲ್ಲ. ಬಂಧಿತನ ವಿರುದ್ಧ ಪೊಲೀಸರು 60 ದಿನಗಳೊಳಗೆ, ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಗಂಭೀರ ಅಪರಾಧಗಳಲ್ಲಿ 90 ದಿನಗಳೊಳಗೆ ಆರೋಪಪಟ್ಟಿ ಸಲ್ಲಿಸದಿದ್ದರೆ, ಅವನಿಗೆ ಜಾಮೀನು ಸಿಗುವುದು ಹಕ್ಕು. ಇದನ್ನು ಡಿಫಾಲ್ಟ್ ಜಾಮೀನು ಎನ್ನುತ್ತಾರೆ. ಅಲ್ಲಿ ಆರೋಪ ಎಷ್ಟು ಗಂಭೀರವೆಂಬ ಚರ್ಚೆಯೇ ಬರುವುದಿಲ್ಲ. ಸರಕಾರ ತನ್ನ ಗಡುವನ್ನು ತಪ್ಪಿಸಿತು, ಆದ್ದರಿಂದ ಬಾಗಿಲು ತೆರೆಯುತ್ತದೆ, ಅಷ್ಟೇ. ಈ ಗಡುವನ್ನು ಪೊಲೀಸರು ಪಾಲಿಸುತ್ತಾರೆ. ತೊಂಬತ್ತನೆಯ ದಿನಕ್ಕೆ ಮುಂಚೆ ಆರೋಪಪಟ್ಟಿ ಹೇಗೋ ಸಿದ್ಧವಾಗುತ್ತದೆ. ಏಕೆಂದರೆ ಮೀರಿದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಯುಎಪಿಎ ಕಾಯ್ದೆಯಲ್ಲಿ ಈ ಅವಧಿಯನ್ನು 180 ದಿನಗಳವರೆಗೆ ವಿಸ್ತರಿಸಲು ಅವಕಾಶ ಕಲ್ಪಿಸಿದ್ದು ಯಾಕೆ? ಆ ಗಡುವಿಗೆ ನಿಜವಾದ ಶಕ್ತಿ ಇದೆ ಎಂಬುದನ್ನು ಸರಕಾರ ಬಲ್ಲದು.

ಹೀಗೆ ತೀರ್ಪಿಗೆ ಮೊದಲು ಗಡಿಯಾರವಿದೆ. ತೀರ್ಪಿನ ನಂತರ ಗಡಿಯಾರವೇ ನಿಂತುಬಿಡುತ್ತದೆ.

ಹೊರಗಿನ ದೇಶಗಳು ಈ ಸಮಸ್ಯೆಯನ್ನು ಹೇಗೆ ಎದುರಿಸಿವೆ ಎಂದು ನೋಡಿದರೆ ಅಮೆರಿಕದ ಕೆಲವು ರಾಜ್ಯಗಳಲ್ಲಿ ಕುತೂಹಲಕರ ನಿಯಮಗಳು ಸಿಗುತ್ತವೆ. ಟೆಕ್ಸಾಸ್‌ನ ಸಿವಿಲ್ ಪ್ರಕರಣಗಳಲ್ಲಿ ತೀರ್ಪಿಗೆ ಸಹಿಯಾದ 75 ದಿನಗಳೊಳಗೆ, ಹೊಸ ವಿಚಾರಣೆ ಕೋರಿದ ಅರ್ಜಿಯ ಮೇಲೆ ಲಿಖಿತ ಆದೇಶ ಬಾರದಿದ್ದರೆ, ಆ ಅರ್ಜಿ ತಾನಾಗಿಯೇ ತಿರಸ್ಕೃತವಾದಂತೆ. ಪೆನ್ಸಿಲ್ವೇನಿಯಾದಲ್ಲಿ ಶಿಕ್ಷೆಯ ಬಳಿಕ ಸಲ್ಲಿಸಿದ ಅರ್ಜಿಯನ್ನು ನ್ಯಾಯಾಧೀಶರು 120 ದಿನಗಳಲ್ಲಿ ತೀರ್ಮಾನಿಸಬೇಕು. ಆರೋಪಿಯೇ ಕೇಳಿಕೊಂಡರೆ ಇನ್ನು 30 ದಿನ ಸಿಗಬಹುದು. ಆಗಲೂ ಉತ್ತರ ಬಾರದಿದ್ದರೆ ತಿರಸ್ಕೃತವೆಂದೇ ಲೆಕ್ಕ. ಕೇಳಿದ ಕೂಡಲೇ ಇದು ಕ್ರೂರವೆನಿಸಬಹುದು. ಕಾರಣವನ್ನೇ ಹೇಳದ ತಿರಸ್ಕಾರ ನ್ಯಾಯವೇ ಎಂದು ಕೇಳಬಹುದು. ಆ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಿ. ಅಲ್ಲಿ ನ್ಯಾಯಾಧೀಶರ ಮೌನಕ್ಕೆ ಕಾನೂನು ಒಂದು ಅರ್ಥ ಕೊಟ್ಟಿದೆ. ಗಡುವು ಮುಗಿದ ದಿನವೇ ಅರ್ಜಿದಾರನಿಗೆ ಮೇಲಿನ ನ್ಯಾಯಾಲಯದ ಬಾಗಿಲು ತೆರೆಯುತ್ತದೆ. ನಮ್ಮಲ್ಲಿ ಮೌನಕ್ಕೆ ಅರ್ಥವೇ ಇಲ್ಲ. ಅದು ಒಪ್ಪಿಗೆಯೂ ಅಲ್ಲ, ತಿರಸ್ಕಾರವೂ ಅಲ್ಲ. ಪ್ರಶ್ನಿಸೋಣವೆಂದರೆ ಕೈಯಲ್ಲೊಂದು ಆದೇಶವೇ ಇರುವುದಿಲ್ಲ.

ಅಲ್ಲಿ ಬೇರೆ ಉಪಾಯಗಳೂ ಇವೆ. ಫೆಡರಲ್ ನ್ಯಾಯಾಲಯಗಳಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ತೀರ್ಮಾನವಾಗದೆ ಉಳಿದ ಸಿವಿಲ್ ಅರ್ಜಿಗಳ ಪಟ್ಟಿಯನ್ನು ನ್ಯಾಯಾಧೀಶರ ಹೆಸರಿನ ಸಹಿತ ವರ್ಷಕ್ಕೆ ಎರಡು ಬಾರಿ ಪ್ರಕಟಿಸಬೇಕೆಂದು 1990ರ ಕಾಯ್ದೆಯೊಂದು ವಿಧಿಸಿದೆ. ಕ್ಯಾಲಿಫೋರ್ನಿಯಾದ ಸಂವಿಧಾನ ಇನ್ನೂ ಮುಂದೆ ಹೋಗಿ, ತೀರ್ಮಾನಕ್ಕೆ ಒಪ್ಪಿಸಿದ ಪ್ರಕರಣ 90 ದಿನ ಮೀರಿ ಬಾಕಿ ಉಳಿದರೆ ಆ ನ್ಯಾಯಾಧೀಶರಿಗೆ ಸಂಬಳ ಪಡೆಯುವ ಹಕ್ಕಿಲ್ಲ ಎಂದಿದೆ.

ಅಮೆರಿಕದ ವ್ಯವಸ್ಥೆಯನ್ನು ನಾವು ಆದರ್ಶವೆಂದು ಹೊಗಳುತ್ತಿಲ್ಲ. 2002ರಲ್ಲಿ ಗ್ವಾಂಟನಾಮೊ ಸೆರೆಮನೆಯನ್ನು ತೆರೆದು ವಿಚಾರಣೆಯೇ ಇಲ್ಲದೆ ಜನರನ್ನು ವರ್ಷಗಟ್ಟಲೆ ಕೂಡಿಹಾಕಿದ ದೇಶ ಅದು. ಆದರೆ ಜ್ಞಾನ ಎಲ್ಲಿದ್ದರೂ ಸ್ವೀಕರಿಸಬೇಕೆಂದು ಕಲಿತವರು ನಾವು. ಅಲ್ಲಿಂದ ಕಲಿಯಬೇಕಾದ ಪಾಠ ಇಷ್ಟೇ: ಮೀರಿದಾಗ ಏನೂ ಆಗದ ಗಡುವು ಗಡುವಲ್ಲ, ಅದೊಂದು ಸಲಹೆ ಮಾತ್ರ.

ನಮ್ಮಲ್ಲಿ ಇದು ಯಾಕೆ ಬರಲಿಲ್ಲ? ಇದಕ್ಕೆ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಉತ್ತರವಿದೆ. ಪಿ. ರಾಮಚಂದ್ರ ರಾವ್ ಮತ್ತು ಕರ್ನಾಟಕ ಸರಕಾರದ ನಡುವಿನ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಮ್ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಕ್ರಿಮಿನಲ್ ವಿಚಾರಣೆ ಇಂತಿಷ್ಟು ವರ್ಷಗಳಲ್ಲಿ ಮುಗಿಯದಿದ್ದರೆ ತಾನಾಗಿ ರದ್ದಾಗಬೇಕೆಂದು ನ್ಯಾಯಾಲಯವೇ ಕಾಲಮಿತಿ ವಿಧಿಸಲಾಗದು, ಅದು ಶಾಸಕಾಂಗದ ಕೆಲಸ ಎಂದಿತು. ಸರಿ. ಹಾಗಾದರೆ ಶಾಸಕಾಂಗ ಏನು ಮಾಡಿತು? ಇಡೀ ಕ್ರಿಮಿನಲ್ ಪ್ರಕ್ರಿಯೆಯನ್ನೇ 2023ರಲ್ಲಿ ಹೊಸದಾಗಿ ಬರೆಯುವ ಅವಕಾಶ ಸಂಸತ್ತಿಗೆ ಒದಗಿ ಬಂದಿತ್ತು. ತ್ವರಿತ ನ್ಯಾಯ ಎಂದು ಸಾರಿಕೊಂಡೇ ಆ ಸಂಹಿತೆಯನ್ನು ಮಂಡಿಸಲಾಯಿತು. ಅಂಕಿಗಳನ್ನು ಬರೆದರು, ಅಂಕಿಯ ಬೆನ್ನಿಗೆ ಫಲಿತಾಂಶವನ್ನು ಬರೆಯಲಿಲ್ಲ. ಶಿಕ್ಷೆಗೊಳಗಾದವರ ಅರ್ಜಿಗಳಿಗಂತೂ ಅಂಕಿಯನ್ನೂ ಬರೆಯಲಿಲ್ಲ.

ನ್ಯಾಯಾಧೀಶರನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ಅದು ನ್ಯಾಯವಲ್ಲ. ದೇಶದ ಹೈಕೋರ್ಟುಗಳಿಗೆ ಮಂಜೂರಾದ ನ್ಯಾಯಮೂರ್ತಿ ಹುದ್ದೆಗಳು 1,122, ನಮ್ಮ ಕರ್ನಾಟಕಕ್ಕೆ 62. ದೇಶದಾದ್ಯಂತ ಇವುಗಳಲ್ಲಿ ನೂರಾರು ಹುದ್ದೆಗಳು ಖಾಲಿ ಉಳಿಯುತ್ತಲೇ ಬಂದಿವೆ. ಇಬ್ಬರ ಕೆಲಸವನ್ನು ಒಬ್ಬರ ಮೇಲೆ ಹೇರಿ, ಬಳಿಕ ಗಡುವು ತಪ್ಪಿತೆಂದು ದೂರುವುದು ಸರಿಯಲ್ಲ. ಹುದ್ದೆ ತುಂಬುವ ಹೊಣೆ ಹೊತ್ತವರೂ ಈ ವಿಳಂಬದ ಪಾಲುದಾರರು.

ಖಾಝಿಯ ಮೊದಲ ಕೆಲಸ

ಇಸ್ಲಾಮೀ ನ್ಯಾಯ ಪರಂಪರೆ ಈ ಕುರಿತು ಏನು ಹೇಳುತ್ತದೆ? ಖಲೀಫ ಉಮರ್(ರ) ಅವರು ಅಬೂ ಮೂಸಾ ಅಲ್‌ಅಶ್‌ಅರಿ(ರ) ಅವರಿಗೆ ನ್ಯಾಯದಾನದ ಕುರಿತು ಬರೆದರೆಂದು ಪ್ರಸಿದ್ಧವಾದ ಪತ್ರವೊಂದಿದೆ. ಪುರಾವೆ ತರುತ್ತೇನೆನ್ನುವ ಫಿರ್ಯಾದಿಗೆ ಒಂದು ಗಡುವು ಕೊಡಬೇಕು, ಆ ಗಡುವಿನೊಳಗೆ ತಂದರೆ ಅವನ ಹಕ್ಕನ್ನು ಕೊಡಿಸಬೇಕು, ತಾರದಿದ್ದರೆ ಅವನ ವಿರುದ್ಧ ತೀರ್ಮಾನಿಸಬೇಕು ಎಂಬ ಆಶಯ ಅದರಲ್ಲಿದೆ. ನೋಡಿ, ಅಲ್ಲಿ ಗಡುವೂ ಇದೆ, ಗಡುವು ಮೀರಿದರೆ ಏನೆಂಬುದೂ ಇದೆ.

ನಮ್ಮ ಮದ್ರಸಾಗಳಲ್ಲಿ ಇಂದಿಗೂ ಪಾಠವಾಗುವ, 12ನೇ ಶತಮಾನದ ಮರ್ಗೀನಾನಿಯವರ 'ಹಿದಾಯ' ಗ್ರಂಥದಲ್ಲಿ ನ್ಯಾಯಾಧೀಶನ ಕರ್ತವ್ಯಗಳ ಅಧ್ಯಾಯವಿದೆ. ಹೊಸದಾಗಿ ಅಧಿಕಾರ ವಹಿಸಿಕೊಂಡ ಖಾಝಿ ಹಿಂದಿನವರಿಂದ ದಫ್ತರಗಳನ್ನು ಪಡೆದು, ಮೊದಲಿಗೆ ಸೆರೆಮನೆಯಲ್ಲಿರುವವರ ಸ್ಥಿತಿಯನ್ನು ಪರಿಶೀಲಿಸಬೇಕೆಂದು ಅಲ್ಲಿ ಹೇಳಲಾಗಿದೆ. ಸೆರೆಯಾಳು ತನ್ನ ಮೇಲಿನ ಹಕ್ಕನ್ನು ನಿರಾಕರಿಸಿದರೆ, ನಿರ್ಗಮಿಸಿದ ಖಾಝಿಯ ಬಾಯಿಮಾತು ಸಾಲದು, ಪುರಾವೆ ಬೇಕು. ಪುರಾವೆ ಇಲ್ಲದಿದ್ದರೆ, ಫಿರ್ಯಾದಿಗಳು ಯಾರಾದರೂ ಇದ್ದಾರೆಯೇ ಎಂದು ಸಾರ್ವಜನಿಕವಾಗಿ ಡಂಗುರ ಸಾರಿಸಿ, ಆ ಬಳಿಕ ಅವನನ್ನು ಬಿಡಬೇಕು. ಆಸ್ತಿ ವ್ಯಾಜ್ಯವಲ್ಲ, ವ್ಯಾಪಾರದ ಜಗಳವಲ್ಲ, ಕೈದಿಯ ಕಡತವೇ ಮೊದಲು. ಮನುಷ್ಯನ ದೇಹ ಬಂಧನದಲ್ಲಿರುವಾಗ ಉಳಿದೆಲ್ಲ ಕಡತಗಳೂ ಕಾಯಬಹುದು ಎಂಬ ವಿವೇಕ ಆ ವಿದ್ವಾಂಸರಲ್ಲಿತ್ತು.

ನಮ್ಮ ಮನೆಯೊಳಗಿನ ಮೌನ

ಆದರೆ ನ್ಯಾಯಾಲಯವನ್ನು ಪ್ರಶ್ನಿಸುವ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಸ್ವತಃ ನಮ್ಮ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಬೇಕೆಂಬುದು ಪವಿತ್ರ ಕುರ್‌ಆನಿನ ಆದೇಶ.

ವಿಚ್ಛೇದಿತ ಮುಸ್ಲಿಮ್ ಮಹಿಳೆಯರ ಕುರಿತಾದ 1986ರ ಕಾಯ್ದೆಯಲ್ಲಿ, ಅವಳು ಅರ್ಜಿ ಸಲ್ಲಿಸಿದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರು ಇತ್ಯರ್ಥಪಡಿಸಬೇಕೆಂದಿದೆ. ಸಾಧ್ಯವಾಗದಿದ್ದರೆ ಕಾರಣ ದಾಖಲಿಸಿ ಮುಂದುವರಿಯಬಹುದು ಎಂಬ ವಿನಾಯಿತಿಯೂ ಅಲ್ಲೇ ಇದೆ. ಆ ವಿನಾಯಿತಿಯ ಸಂದಿಯಲ್ಲಿ ವಾಯಿದೆಯ ಮೇಲೆ ವಾಯಿದೆ ಕೇಳುವವರು ಯಾರು? ಬಹಳಷ್ಟು ಸಲ ನಮ್ಮವನೇ ಆದ ಗಂಡ, ನಮ್ಮವನೇ ಆದ ಅವನ ಅಣ್ಣ. ಸಮನ್ಸ್ ಬಂದಾಗ ಊರಲ್ಲಿಲ್ಲವೆನ್ನಿಸುವುದು, ವಿದೇಶಕ್ಕೆ ಹೋಗಿದ್ದಾನೆನ್ನುವುದು, ವಕೀಲರನ್ನು ಬದಲಿಸುತ್ತಾ ದಿನ ತಳ್ಳುವುದು, ಇವೆಲ್ಲ ನಮ್ಮ ಮೊಹಲ್ಲಾಗಳಲ್ಲಿ ನಡೆಯುತ್ತಿಲ್ಲವೇ? ಹಾಗೆ ಮಾಡುವವನು ಮೊದಲ ಸಾಲಿನಲ್ಲಿ ನಮಾಝಿಗೆ ನಿಂತರೂ ನಾವು ಅವನನ್ನು ಒಂದು ಮಾತು ಕೇಳುವುದಿಲ್ಲ.

ಜಮಾಅತ್ ಕಮಿಟಿಗಳ ಮುಂದೆ ಬರುವ ದೂರುಗಳ ಕಥೆಯೇನು? ಮಗಳೊಬ್ಬಳು ತಂದೆಯೊಂದಿಗೆ ಬಂದು ದೂರು ಕೊಡುತ್ತಾಳೆ. ರಮಝಾನ್ ಕಳೆಯಲಿ ಎನ್ನುತ್ತೇವೆ. ಹುಡುಗ ಊರಿಗೆ ಬರಲಿ ಎನ್ನುತ್ತೇವೆ. ಹೊಸ ಕಮಿಟಿ ಬರಲಿ ಎನ್ನುತ್ತೇವೆ. ಅಷ್ಟರಲ್ಲಿ ಮಗುವಿಗೆ ಶಾಲೆಗೆ ಸೇರುವ ವಯಸ್ಸಾಗಿರುತ್ತದೆ. ಹೈಕೋರ್ಟ್ ಮೂರು ತಿಂಗಳಲ್ಲಿ ತೀರ್ಪು ಕೊಡಬೇಕೆಂದು ಬಯಸುವ ನಾವು, ನಮ್ಮ ಕಮಿಟಿ ಒಂದು ತಿಂಗಳಲ್ಲಿ ಉತ್ತರ ಕೊಡಬೇಕೆಂಬ ನಿಯಮವನ್ನು ಮಾಡಿಕೊಳ್ಳಬಾರದೇಕೆ? ಇತ್ಯರ್ಥ ಸಾಧ್ಯವಾಗದಿದ್ದರೆ ಹಾಗೆಂದು ಬರೆದುಕೊಟ್ಟು, ಅವಳು ನ್ಯಾಯಾಲಯಕ್ಕೆ ಹೋಗಲು ದಾರಿ ಬಿಡಬೇಕು. 2024ರ ಜುಲೈಯಲ್ಲಿ ಸುಪ್ರೀಮ್ ಕೋರ್ಟ್, ವಿಚ್ಛೇದಿತ ಮುಸ್ಲಿಮ್ ಮಹಿಳೆ ಸಾಮಾನ್ಯ ಕಾನೂನಿನಡಿಯಲ್ಲೂ ಜೀವನಾಂಶ ಕೋರಬಹುದೆಂದು ಸ್ಪಷ್ಟಪಡಿಸಿದೆ. ಅದರ ಕುರಿತು ನಮ್ಮೊಳಗೆ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಅವಳನ್ನು ಬಾಗಿಲಲ್ಲಿ ಕಾಯಿಸುವುದು ಸರಿಯೆಂದು ಹೇಳುವ ಯಾವ ಮದ್‌ಹಬ್ಬೂ ಇಲ್ಲ.

ಇನ್ನೊಂದು ಮಾತು. ಹುಡುಗನೊಬ್ಬ ಬಂಧಿತನಾದಾಗ ವಕೀಲರ ಶುಲ್ಕಕ್ಕೆ ಚಂದಾ ಎತ್ತುವ ನಾವು, ಶಿಕ್ಷೆಯಾದ ಮರುದಿನ ಆ ಮನೆಯ ಬೀದಿಯಲ್ಲಿ ನಡೆಯಲೂ ಹಿಂಜರಿಯುತ್ತೇವೆ. ಮೇಲ್ಮನವಿಯ ಅರವತ್ತು ದಿನಗಳು ಅಂದೇ ಎಣಿಕೆಯಾಗತೊಡಗುತ್ತವೆ. ಅಂದೇ ಆ ಕುಟುಂಬ ಒಂಟಿಯಾಗುತ್ತದೆ.

ನಾವು ಮಾಡಬಹುದಾದದ್ದು

ಪ್ರತಿಯೊಂದು ಕುಟುಂಬವೂ ತಿಳಿದಿರಬೇಕಾದ ಕೆಲವು ವಿಷಯಗಳಿವೆ. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿ ತಕ್ಷಣ, ಉಚಿತವಾಗಿ ಸಿಗಬೇಕು. ಅದು ಅವನ ಹಕ್ಕು. ಶಿಕ್ಷೆ ಮೂರು ವರ್ಷ ಮೀರದಿದ್ದು, ಅವನು ಈಗಾಗಲೇ ಜಾಮೀನಿನಲ್ಲಿದ್ದರೆ, ಮೇಲ್ಮನವಿ ಸಲ್ಲಿಸುವೆನೆಂದು ಹೇಳಿ, ಶಿಕ್ಷೆ ಕೊಟ್ಟ ನ್ಯಾಯಾಲಯದಲ್ಲೇ ಜಾಮೀನು ಕೇಳಬಹುದು. ಆ ಅರ್ಜಿಯನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡು ತೀರ್ಪಿನ ದಿನ ಕೋರ್ಟಿಗೆ ಹೋಗಬೇಕು. ಜೈಲಿನಲ್ಲಿರುವವನು ಜೈಲಿನ ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳುಹಿಸಬಹುದು. ಬಂಧನದಲ್ಲಿರುವವರು ಮತ್ತು ಮಹಿಳೆಯರು, ಅವರ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯಂತೆ ಉಚಿತ ಕಾನೂನು ನೆರವಿಗೆ ಅರ್ಹರು. ಅದಕ್ಕಾಗಿ ತಾಲೂಕು ಕಾನೂನು ಸೇವಾ ಸಮಿತಿಗಳು ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಿವೆ, 15100 ಎಂಬ ಸಹಾಯವಾಣಿಯಿದೆ. ಡಿಫಾಲ್ಟ್ ಜಾಮೀನನ್ನು ಆರೋಪಪಟ್ಟಿ ಸಲ್ಲಿಕೆಯಾಗುವ ಮೊದಲೇ ಕೇಳಬೇಕು, ತಡವಾದರೆ ಆ ಹಕ್ಕು ಕೈತಪ್ಪುತ್ತದೆ. ಹೈಕೋರ್ಟ್ ತೀರ್ಪು ಕಾಯ್ದಿರಿಸಿ ಮೂರು ತಿಂಗಳಾಗಿದ್ದರೆ, ಅನಿಲ್ ರಾಯ್ ತೀರ್ಪನ್ನು ಉಲ್ಲೇಖಿಸಿ ಅರ್ಜಿ ಸಲ್ಲಿಸುವಂತೆ ವಕೀಲರನ್ನು ಕೇಳಿ. ನ್ಯಾಯಮೂರ್ತಿಗಳು ಮುನಿಸಿಕೊಳ್ಳಬಹುದೆಂದು ಹೆದರಬೇಡಿ. ಈ ದಾರಿಯನ್ನು ತೋರಿಸಿದ್ದು ಸುಪ್ರೀಮ್ ಕೋರ್ಟೇ.

ಪ್ರತಿ ಮಸೀದಿಯ ಜಮಾಅತಿನಲ್ಲಿ ಇಬ್ಬರು ವಿದ್ಯಾವಂತ ಯುವಕರು ಒಂದು ದಫ್ತರ ಇಟ್ಟುಕೊಳ್ಳಲಿ. ಆ ಪ್ರದೇಶದ ಪ್ರಕರಣಗಳ ದಿನಾಂಕ, ಮೇಲ್ಮನವಿಯ ಕೊನೆಯ ದಿನ, ಜೀವನಾಂಶ ವಸೂಲಿಯ ಒಂದು ವರ್ಷದ ಮಿತಿ, ಇವು ಅದರಲ್ಲಿರಲಿ. ಇದಕ್ಕೆ ಕಟ್ಟಡ ಬೇಕಾಗಿಲ್ಲ, ದೊಡ್ಡ ನಿಧಿ ಬೇಕಾಗಿಲ್ಲ, ಒಂದು ಪುಸ್ತಕ ಮತ್ತು ಸ್ವಲ್ಪ ಶ್ರದ್ಧೆ ಸಾಕು. ಆ ದಫ್ತರದಲ್ಲಿ ನೆರೆಯ ಹಿಂದೂ, ಕ್ರೈಸ್ತ ಕುಟುಂಬಗಳ ಹೆಸರಿಗೂ ಜಾಗವಿರಲಿ. ನ್ಯಾಯದ ವಿಳಂಬ ಧರ್ಮ ಕೇಳಿ ಬರುವುದಿಲ್ಲ.

ಮತ ಕೇಳಲು ಬರುವ ಜನಪ್ರತಿನಿಧಿಗಳ ಮುಂದೆ ಮೂರು ಬೇಡಿಕೆಗಳನ್ನಿಡೋಣ. ಒಂದು, ಶಿಕ್ಷೆಯ ಅಮಾನತು ಕೋರಿದ ಅರ್ಜಿಗಳಿಗೆ ಸಂಹಿತೆಯಲ್ಲೇ ದಿನಗಳ ಮಿತಿ ಬರೆಯಬೇಕು. ಮಿತಿ ಮೀರಿದರೆ, ಕಾರಣ ದಾಖಲಿಸಿ ನಿರಾಕರಿಸದ ಹೊರತು, ಮಧ್ಯಂತರ ಜಾಮೀನು ಸಿಗಬೇಕು. ಎರಡು, ಕಾಯ್ದಿರಿಸಿದ ತೀರ್ಪುಗಳ ಪಟ್ಟಿಯನ್ನು ದಿನಾಂಕದೊಂದಿಗೆ ಪ್ರತಿ ಹೈಕೋರ್ಟ್ ತಿಂಗಳಿಗೊಮ್ಮೆ ಪ್ರಕಟಿಸಬೇಕು. ಮೂರು, ನ್ಯಾಯಮೂರ್ತಿಗಳ ಖಾಲಿ ಹುದ್ದೆಗಳಿಗೂ ಒಂದು ಗಡುವು ಇರಬೇಕು.

ಉತ್ತರ ಪಡೆಯುವುದು ಮನುಷ್ಯನ ಹಕ್ಕು. ಉತ್ತರ ನಮ್ಮ ಪರವಾಗಿರಬೇಕೆಂದು ನಾವು ಕೇಳುತ್ತಿಲ್ಲ, ಸಕಾಲದಲ್ಲಿ ಬರಬೇಕೆಂದು ಕೇಳುತ್ತಿದ್ದೇವೆ. ನ್ಯಾಯಾಲಯದಿಂದ ಅದನ್ನು ಕೇಳುವ ಮುನ್ನ ನಮ್ಮ ಮನೆ, ನಮ್ಮ ಕಮಿಟಿಗಳಲ್ಲಿ ಕಾಯುತ್ತಿರುವವರಿಗೆ ಅದನ್ನು ಕೊಡೋಣ. ನ್ಯಾಯದ ಮೇಲೆ ಸ್ಥಿರವಾಗಿ ನಿಲ್ಲುವ ತೌಫೀಕನ್ನು ಅಲ್ಲಾಹನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೀನ್.